ಬೀರುವಿಗೆ ಕುಂಕುಮವಿಲ್ಲ

ನನ್ನ ಬಾಯಿ ಜೋರು ಎಂದು ಬೀದಿಗೆಲ್ಲ ಗೊತ್ತು. ಗೊತ್ತಿದ್ದೂ ನನ್ನನ್ನು ಶಾಲೆಯ ಸಮಿತಿಗೆ ಅಧ್ಯಕ್ಷೆ ಮಾಡಿದವರು ಅವರೇ. ಆಮೇಲೆ ಸುಗುಣಾ ಜಗಳಗಂಟಿ ಅಂದರೆ ನಾನೇನು ಮಾಡಲಿ? ತಮಿಳುನಾಡಿನ ಸೇಲಂ ಪಕ್ಕದ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಮನೆಗೊಂದು ಮಗ್ಗವಿದೆ, ಶಾಲೆ ಮಾತ್ರ ಒಂದೇ.

ಆ ಶಾಲೆಗೆ ಯಾರೋ ಪುಣ್ಯಾತ್ಮರು ಆರು ಲ್ಯಾಪ್‌ಟಾಪ್ ಕೊಟ್ಟು ಎರಡು ವರ್ಷವಾಗಿತ್ತು. ಹೆಡ್‌ಮಾಸ್ಟರ್ ವ್ಯಾಸರಾಜ ಸಾರ್ ಅವನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಒಳ್ಳೆಯ ಮನುಷ್ಯ, ಒಂದು ಮಗುವಿಗೂ ಹೊಡೆದವರಲ್ಲ. ಆದರೆ ಹಿಂದಿನ ಶಾಲೆಯಲ್ಲಿ ಪ್ರೊಜೆಕ್ಟರ್ ಬಿದ್ದು ಒಡೆದಾಗ ಮೇಲಿನವರಿಗೆ ವಿವರಣೆ ಬರೆದು ಬರೆದು ಸೋತುಹೋಗಿದ್ದರು. ನಿವೃತ್ತಿಗೆ ಎಂಟು ತಿಂಗಳಿರುವಾಗ ಅಂಥ ಇನ್ನೊಂದು ಕಾಗದ ಬರೆಯುವ ಧೈರ್ಯ ಅವರಿಗಿರಲಿಲ್ಲ.

ನನ್ನ ಮಗಳು ವಾಣಿಶ್ರೀ ಎಂಟನೇ ತರಗತಿ. ಕಳೆದ ವರ್ಷ ಸೇಲಂಗೆ ಗಣಿತದ ಪರೀಕ್ಷೆ ಬರೆಯಲು ಹೋಗಿದ್ದಳು. ಪಾಸಾದವರಿಗೆ ಹನ್ನೆರಡನೆಯವರೆಗೆ ಹಾಸ್ಟೆಲಿನಲ್ಲಿ ಊಟ, ಓದು ಎಲ್ಲ ಪುಕ್ಕಟೆ. ಪರೀಕ್ಷೆ ಕಂಪ್ಯೂಟರಿನಲ್ಲಿ. ಸಂಜೆ ಬಂದವಳು ಚೀಲ ಕೂಡ ಇಳಿಸದೆ, "ಅಮ್ಮಾ, ಉತ್ರ ಎಲ್ಲಾ ಗೊತ್ತಿತ್ತು. ಅದನ್ನ ಎಂಗೆ ಒತ್ತಬೇಕು ಅಂತಾನೇ ಗೊತ್ತಾಗ್ಲಿಲ್ಲ" ಅಂದಳು. ಈ ವರ್ಷದ ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಒಂಬತ್ತಕ್ಕೆ ಹೋದವರನ್ನು ಅವರು ತೆಗೆದುಕೊಳ್ಳುವುದಿಲ್ಲ, ಇದೇ ಕೊನೆಯ ಸಲ.

ಆಯುಧಪೂಜೆಯ ಹಿಂದಿನ ದಿನ ಶಾಲೆಯಲ್ಲಿ ಪೂಜೆ. ಸಾರ್ ಬೀರುವಿಗೆ ಚೆಂಡುಹೂವಿನ ಹಾರ ಹಾಕಿಸಿ, ಬಾಗಿಲಿಗೆ ಕುಂಕುಮವಿಡಲು ನನ್ನನ್ನು ಕರೆದರು. ನಾನು ತಟ್ಟೆ ಕೆಳಗಿಟ್ಟೆ.

"ಆಗಲ್ಲ ಸಾರ್. ನಮ್ಮತ್ತೆ ಸಿದ್ದಲಕ್ಷ್ಮಮ್ಮ ನೂಲು ಏರ್ಸದ ಮಗ್ಗಕ್ಕೆ ಕುಂಕುಮ ಇಕ್ತಿರ್ಲಿಲ್ಲ. ನಮ್ಮ ಬೀದೀಲಿ ದುಡಿದ ಸಾಮಾನಿಗೇ ಪೂಜೆ."

"ದೇವರ ಕಾರ್ಯದಲ್ಲಿ ಹಟ ಮಾಡಬೇಡಮ್ಮ. ಮಕ್ಕಳು ಕೆಡಿಸಿದರೆ ಉತ್ತರ ಹೇಳಬೇಕಾದವನು ನಾನು."

"ನಮ್ಮ ಮಗ್ಗದಲ್ಲೂ ಮಕ್ಕಳು ಎಳೆ ಕಿತ್ತಾಕ್ತಾವೆ ಸಾರ್. ಗಂಟು ಆಕಿ ಮತ್ತೆ ಅವರನ್ನೇ ಕೂರುಸ್ತೀವಿ. ಇಲ್ದಿದ್ರೆ ನೇಯೋದು ಎಂಗೆ ಕಲೀತಾರೆ?"

ಪೂಜೆಗೆ ಬಂದಿದ್ದ ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳೂ ತಟ್ಟೆ ಎತ್ತಲಿಲ್ಲ. ಸಾರ್ ಮುಖ ಸಣ್ಣದಾಯಿತು. ಪಾಪ ಅನ್ನಿಸಿತು, ಆದರೆ ನಾನು ಬಿಡಲಿಲ್ಲ.

"ವಿಜಯದಶಮಿಗೆ ಚಿಕ್ಕ ಮಕ್ಕಳನ್ನ ಸೇರ್ಸೋಕೆ ಇಸ್ಕೂಲು ತೆಗೀತೀರಲ್ಲ, ಅವತ್ತು ಇದನ್ನೂ ತೆಗೀರಿ. ಅವು ಕೆಲ್ಸ ಮಾಡ್ಲಿ, ನಾನೇ ಕುಂಕುಮ ಇಕ್ತೀನಿ. ಒಡೆದೋದ್ರೆ ಕಾಗದದಲ್ಲಿ ನನ್ನ ಎಸರೂ ಆಕಿ."

ವಿಜಯದಶಮಿಯ ಬೆಳಿಗ್ಗೆ ಸಾರ್ ತಾವೇ ಬೀಗ ತೆಗೆದರು. ಮನೆಯಲ್ಲಿ ಅವರ ಹೆಂಡತಿ ಗೋದಾಬಾಯಿಯವರೂ ನನ್ನ ಮಾತೇ ಸರಿ ಅಂದಿದ್ದರಂತೆ. ಚಾರ್ಜಿಗೆ ಹಾಕಿದ ಐದೂ ಆನ್ ಆದವು. ಆರನೆಯದನ್ನು ಹಾಕುವಂತಿರಲಿಲ್ಲ. ಬ್ಯಾಟರಿ ಉಬ್ಬಿ ಅದರ ತಳವೇ ಬಾಯಿ ಬಿಟ್ಟಿತ್ತು.

ಸಾರ್ ಅದನ್ನು ತಿರುಗಿಸಿ ನೋಡಿದರು. ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಹಾಗೇ ಇತ್ತು.

"ಇದನ್ನ ಯಾರೂ ಮುಟ್ಟೇ ಇಲ್ಲವಲ್ಲಮ್ಮ."

"ಅದಕ್ಕೇ ಸಾರ್" ಅಂದೆ. ಜೋರು ಮಾಡಲು ಮನಸ್ಸು ಬರಲಿಲ್ಲ.

ಅವರು ಅದನ್ನು ಹುಷಾರಾಗಿ ಪಕ್ಕಕ್ಕಿಟ್ಟರು. ಆಮೇಲೆ ವಾಣಿಶ್ರೀಯನ್ನು ಕರೆದು, "ಬಾಮ್ಮ, ಮೇಲಿನವರಿಗೆ ವಿವರಣೆ ಬರೀಬೇಕು. ನಾನು ಹೇಳ್ತೀನಿ, ನೀನು ಒತ್ತು" ಅಂದರು.

ಅವರು ತಮಿಳಿನಲ್ಲಿ ಹೇಳಿದರು, ಅವಳು ಒಂದು ಬೆರಳಲ್ಲಿ ಅಕ್ಷರ ಹುಡುಕಿ ಒತ್ತಿದಳು. ತಪ್ಪಾಯಿತು, ಅಳಿಸಿ ಮತ್ತೆ ಒತ್ತಿದಳು. ನಾಲ್ಕು ಸಾಲು ಮುಗಿಯುವಾಗ ಊಟದ ಹೊತ್ತಾಗಿತ್ತು, ಒಂದು ಬೆರಳು ಎರಡಾಗಿತ್ತು. ಕೊನೆಯ ಸಾಲು ಹೀಗಿತ್ತು: ಬಳಸದೆ ಬೀಗ ಹಾಕಿಟ್ಟಿದ್ದರಿಂದ ಕೆಟ್ಟಿದೆ.

"ಕೆಳಗೆ ನನ್ನ ಎಸರೂ ಒತ್ತಮ್ಮ" ಅಂದೆ, ಮಾತು ಕೊಟ್ಟಿದ್ದೆನಲ್ಲ.

"ಬೇಡ" ಅಂದರು ಸಾರ್. "ಇದು ನನ್ನ ತಪ್ಪು."

ನಾನು ಐದಕ್ಕೂ ಕುಂಕುಮವಿಟ್ಟೆ. "ಬೀರುವಿಗೆ?" ಎಂದು ಕೇಳಿದರು.

"ಅದೇನು ದುಡೀತು ಸಾರ್?"

ಅವರು ನಕ್ಕುಬಿಟ್ಟರು. ಜನಿವಾರದಿಂದ ಬೀಗದ ಕೈ ಬಿಚ್ಚಿ ವಾಣಿಶ್ರೀಯ ಅಂಗೈಯಲ್ಲಿಟ್ಟು, "ದಿನಾ ಬೇಗ ಬಂದು ನೀನೇ ತೆಗಿ, ಬೇರೆಯವರನ್ನೂ ಕೂರಿಸು" ಅಂದರು. ಅವಳು ಅದನ್ನು ಜಡೆಯ ರಿಬ್ಬನ್ನಿಗೆ ಕಟ್ಟಿಕೊಂಡಳು.

"ಊಟಕ್ಕೆ ಬಾ ಲೇ" ಅಂದೆ.

"ನೀ ಓಗಮ್ಮ, ಪರೀಕ್ಸೆಗೆ ಇನ್ನು ಅತ್ತೇ ದಿನ ಐತೆ" ಅಂದಳು, ಕಣ್ಣು ಎತ್ತದೆ.