ಬಿಎಸ್ಸಿ ಅಮರಗುಂಡಪ್ಪನ ಕನ್ವರ್ಟರ್

ಕಾರು ಶಿವಕುಮಾರಿಯದು. ಹದಿನೈದು ವರ್ಷದಿಂದ ಮಸ್ಕಿಯಿಂದ ಲಿಂಗಸುಗೂರಿನ ಹೈಸ್ಕೂಲಿಗೆ ಅದನ್ನು ಓಡಿಸಿಕೊಂಡು ಹೋಗುತ್ತಿದ್ದವಳೂ ಅವಳೇ. ಗಂಡ ಅಮರಗುಂಡಪ್ಪನಿಗೆ ಅದರ ಬಗ್ಗೆ ಇದ್ದದ್ದು ಅಭಿಪ್ರಾಯಗಳು ಮಾತ್ರ. ಸಿಂಧನೂರಿನ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು ಮೂವತ್ತು ವರ್ಷದ ಹಿಂದೆ ಬಿಎಸ್ಸಿ ಪಾಸಾಗಿದ್ದ. ಆ ಸುದ್ದಿ ಅವನ ಬಾಯಲ್ಲಿ ಇನ್ನೂ ಹಳತಾಗಿರಲಿಲ್ಲ.

ಕಾರು ಕೆಟ್ಟದ್ದು ಅವನ ಉಪಕಾರಬುದ್ಧಿಯಿಂದ. ಗುರುಗುಂಟಾಕ್ಕೆ ಹೋಗಿ ಬರುವಾಗ ರೈತರು ಒಕ್ಕಣೆಗೆಂದು ರಸ್ತೆಯ ಮೇಲೆ ಹುರುಳಿ ಹರವಿದ್ದರು. ಉಳಿದವರು ಅದರ ಮೇಲೆ ಒಮ್ಮೆ ಹಾದು ತಮ್ಮ ದಾರಿ ಹಿಡಿದರೆ, ಅಮರಗುಂಡಪ್ಪ ಸ್ಟೇರಿಂಗು ಕೈಗೆ ಸಿಕ್ಕ ಸಂಭ್ರಮದಲ್ಲಿ ಹಿಂದಕ್ಕೂ ಮುಂದಕ್ಕೂ ಆರು ಸಲ ತುಳಿದ. ಮನೆ ಮುಟ್ಟುವ ಹೊತ್ತಿಗೆ ಕಾರಿನ ಹೊಟ್ಟೆಗೆ ಸುತ್ತಿಕೊಂಡಿದ್ದ ಬಳ್ಳಿ ಹೊಗೆಯಾಡುತ್ತಿತ್ತು. "ಬೆಂಕಿ ಹತ್ತೇತಿ ಬರ್ರೆಪ್ಪೋ!" ಎಂದು ಪಕ್ಕದ ಮನೆಯ ಗದ್ದೆಮ್ಮ ಕೂಗಿದ್ದೇ ತಡ, ಅವನು ಒಂದು ಕೊಡ ತಣ್ಣೀರು ತಂದು ಅಡಿಗೆ ಎರಚಿದ. ಬೆಂಕಿ ಆರಿತು. ಒಳಗೆಲ್ಲೋ ಟಣ್ ಎಂದಿತು. ಆಮೇಲೆ ಕಾರು ಗರಸು ತುಂಬಿದ ಡಬ್ಬಿಯಂತೆ ಗಲಗಲಿಸತೊಡಗಿತು. ಏರಿನಲ್ಲಿ ಎಳೆಯಲೊಲ್ಲದು.

ಸಿಂಧನೂರು ರಸ್ತೆಯ ಮೆಕ್ಯಾನಿಕ್ ಶಾವಲಿ ಅಡಿಗೆ ನುಸುಳಿ, ಮುಷ್ಟಿಯಿಂದ ಒಂದು ಸಲ ಗುದ್ದಿ ಹೊರಬಂದ.

"ಮೇಡಂ, ಕ್ಯಾಟಲಿಟಿಕ್ ಕನ್ವರ್ಟರ್ ಹೋಗೈತ್ರಿ. ಹೊಗಿ ಸ್ವಚ್ಛ ಮಾಡೋ ಡಬ್ಬಿ. ಒಳಗ ಜೇನುಗೂಡಿನಂಗ ಇರತೈತಿ, ಕೆಂಪಗ ಕಾದಾಗ ನೀರು ಬಿದ್ದು ಒಡದೈತಿ. ಯಾರ್ರೀ ನೀರು ಹಾಕಿದವ್ರು?"

ಶಿವಕುಮಾರಿ ಗಂಡನನ್ನು ನೋಡಿದಳು. ಗಂಡ ಬೇವಿನಮರವನ್ನು ನೋಡಿದ.

ಸೋಮವಾರ ಆರ್‌ಟಿಒದವರು ಲಿಂಗಸುಗೂರಿಗೆ ಕ್ಯಾಂಪಿಗೆ ಬರುವವರಿದ್ದರು. ಕಾರಿನ ಹದಿನೈದು ವರ್ಷದ ನೋಂದಣಿ ಆ ವಾರಕ್ಕೇ ಮುಗಿಯುತ್ತಿತ್ತು. ಹೊಗೆ ಪರೀಕ್ಷೆಯಲ್ಲಿ ಬಿದ್ದರೆ ಕಾರು ಗುಜರಿಗೆ, ಶಿವಕುಮಾರಿ ಬಸ್ಸಿಗೆ. ಬಸ್ಸಿನಲ್ಲಿ ನಿಲ್ಲುವುದಕ್ಕೆ ಅವಳು ಅಂಜುವವಳಲ್ಲ. ಆದರೆ ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಯಾರೂ ಅವಳಿಗೆ ಏನನ್ನೂ ತಿಳಿಸಿಕೊಡದ ಜಾಗ ಭೂಮಿಯ ಮೇಲೆ ಆ ಕಾರೊಂದೇ ಆಗಿತ್ತು.

ಶಾವಲಿ ಮಾವನ ಮನೆಯ ಲಗ್ನಕ್ಕೆ ದಢೇಸುಗೂರಿಗೆ ಹೊರಟಿದ್ದ. ರವಿವಾರ ಮಧ್ಯಾಹ್ನ ಬಂದು ಮಾಡಿಕೊಡುತ್ತೇನೆಂದ. ಅಷ್ಟು ಪುರುಸೊತ್ತು ಅಮರಗುಂಡಪ್ಪನಿಗೆ ಸಾಕಾಯಿತು.

"ಆ ಕಡಿ ಎರಡು ನಟ್ಟು, ಈ ಕಡಿ ಎರಡು ನಟ್ಟು. ಇದಕ್ಕ ಶಾವಲಿ ಯಾಕ ಬೇಕು? ಮೊಬೈಲ್‌ನಾಗ ಮೂರು ವಿಡಿಯೋ ನೋಡೀನಿ. ನಾ ಬಿಎಸ್ಸಿ ಓದೀನಿ, ಶಿವು."

"ಹುರುಳಿ ಒಕ್ಕೋದು ಯಾವ ವರ್ಷದ ಪಾಠದಾಗಿತ್ರೀ?"

ಶನಿವಾರ ಸಿಂಧನೂರಿನಿಂದ ಹೊಸ ಕನ್ವರ್ಟರ್ ಬಂತು. ಮುಂದಿನ ಗಾಲಿಗಳನ್ನು ಮರದ ದಿಮ್ಮಿಗಳ ಮೇಲೆ ಹತ್ತಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು ಅಮರಗುಂಡಪ್ಪ ಅಡಿಗೆ ಹೋದ. ನಟ್ಟುಗಳು ತುಕ್ಕು ಹಿಡಿದು ಕೊಳವೆಯ ಜೊತೆ ಒಂದಾಗಿದ್ದವು. ಅವನು ಪಾನಾ ಹಾಕಿ ತಿರುವಿದ. ನಟ್ಟು ಅಲ್ಲಾಡಲಿಲ್ಲ, ಅದರ ಮೂಲೆಗಳು ಸವೆದವು. ಎರಡು ತಾಸಿನ ಹೊತ್ತು ಹೊರಗೆ ಕಾಣುತ್ತಿದ್ದದ್ದು ಅವನ ಕಾಲುಗಳು, ಕೇಳುತ್ತಿದ್ದದ್ದು ನಟ್ಟು ಮಾಡಿದವರ ಮನೆತನದ ವಿಚಾರ. ಗದ್ದೆಮ್ಮ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು.

"ಟೀಚರಮ್ಮ, ಸಾಹೇಬ್ರು ಒಳಗ ಜೀವಂತ ಅದಾರಿಲ್ಲ?"

"ಬೈಯಾಕತ್ತಾರಲ್ಲ, ಅದಾರ."

ಅಂತೂ ಹಳೆಯದು ಉದುರಿತು. ಅಲ್ಲಾಡಿಸಿದರೆ ಒಳಗಿನಿಂದ ಮಡಕೆಯ ಚೂರಿನಂಥವು ಸುರಿದವು. ಹೊಸದನ್ನು ಎತ್ತಿಕೊಳ್ಳುವಷ್ಟರಲ್ಲಿ ಗದ್ದೆಮ್ಮ ತಡೆದಳು. "ಹೊಸಾ ಸಾಮಾನು ಪೂಜಿ ಇಲ್ಲದ ಹಾಕ್ತೀರೇನ್ರೀ?"

ಅಮರಗುಂಡಪ್ಪ ವಿಜ್ಞಾನದ ಮನುಷ್ಯ. ಆದರೂ ಕನ್ವರ್ಟರನ್ನು ಕೆಳಗಿಟ್ಟ. ಶಿವಕುಮಾರಿ ಒಳಗೆ ಹೋಗಿ ವಿಭೂತಿ ನೆನೆಸಿ ತಂದಳು. ಭಕ್ತಿಗಿಂತ ಸಿಟ್ಟು ಹೆಚ್ಚಿದ್ದುದರಿಂದ ಮೂರು ಬೆರಳಿನ ಪಟ್ಟಿಗಳು ಅಂಗೈ ಅಗಲ ಬಿದ್ದವು.

"ನಿಮ್ಮ ಬಿಎಸ್ಸಿ ಒಂದ ಸಾಲಂಗಿಲ್ಲ. ಇದೂ ಇರಲಿ."

ಕನ್ವರ್ಟರಿನ ಎರಡು ತುದಿಗಳೂ ಒಂದೇ ನಮೂನೆ ಇದ್ದವು. ಕೂಡಿಸಿದ ಮೇಲೆ ನೋಡಿದರೆ ಹೊಗೆ ಅಳೆಯುವ ಸೆನ್ಸರಿನ ವಯರು ಅದರ ಕಿಂಡಿಯವರೆಗೆ ಮುಟ್ಟಲಿಲ್ಲ. ಮುಟ್ಟದಿರುವುದಕ್ಕೆ ಕಾರಣವೇನಿರಬಹುದೆಂದು ಯೋಚಿಸುವುದು ಶಾವಲಿಯಂಥವರ ಕೆಲಸ. ಅಮರಗುಂಡಪ್ಪ ವಯರು ಕತ್ತರಿಸಿ, ನಡುವೆ ಮೊಳದುದ್ದದ ತುಂಡು ಜೋಡಿಸಿ, ಟೇಪು ಸುತ್ತಿದ.

"ವಯರಿನಾಗೂ ಜುಗ್ಗತನ ಮಾಡ್ಯಾರ ನೋಡು ಕಾರ್ ಮಾಡಿದವ್ರು."

ಗಲಗಲ ನಿಂತಿತ್ತು. ಅವನು ಓಣಿಯಲ್ಲಿ ಎರಡು ಸುತ್ತು ಹೊಡೆದು, ಕೇಳಿದವರಿಗೂ ಕೇಳದವರಿಗೂ ಹೇಳಿಬಂದ. ಸಂಜೆಯೊಳಗೆ ಕಾರು ಬಿಕ್ಕತೊಡಗಿತು. ಹಿಂದೆ ಪೆಟ್ರೋಲಿನ ನಾತ, ಮುಂದೆ ಮೀಟರಿನಲ್ಲಿ ಹಳದಿ ದೀಪ.

"ಹೊಸದು. ಹೊಂದಿಕೊಳ್ಳಾಕ ಟೈಮ್ ಬೇಕು," ಎಂದ.

"ಮದುವಿ ಆದಾಗ ನಮ್ಮವ್ವನೂ ನನಗ ಹಂಗ ಹೇಳಿದ್ಳು," ಎಂದಳು ಶಿವಕುಮಾರಿ.

ರವಿವಾರ ಅವಳೇ ಕಾರನ್ನು ಬಿಕ್ಕಿಸಿಕೊಂಡು ಶಾವಲಿಯ ಗ್ಯಾರೇಜಿಗೆ ಹೋದಳು. ಮೋಸವಾಗದಂತೆ ನೋಡಿಕೊಳ್ಳಲು ಅಮರಗುಂಡಪ್ಪನೂ ಬಂದ. ಶಾವಲಿ ಕಾರಿನಡಿಯ ಗುಂಡಿಗಿಳಿದು ಮೇಲೆ ನೋಡಿದ. ಹಳೇ ಬಟ್ಟೆಯಿಂದ ವಿಭೂತಿ ಒರೆಸಿದ.

"ಸಾರ್, ಈ ಬಾಣ ನೋಡಲಿಲ್ಲೇನ್ರೀ?"

ತಗಡಿನ ಮೇಲೆ ಬಾಣದ ಗುರುತು ಒತ್ತಿತ್ತು. ಅದು ಇಂಜಿನ್ನಿನ ಕಡೆಗೆ ಮುಖ ಮಾಡಿತ್ತು.

"ಹೊಗಿ ಇಂಜಿನ್ನಿಂದ ಹಿಂದಕ್ಕ ಹೋಗಬೇಕ್ರಿ, ಬಾಣನೂ ಹಂಗ ಇರಬೇಕು. ನೀವು ತಿರುಗಾಮುರುಗಾ ಕೂಡಿಸೀರಿ. ಸೆನ್ಸರ್ ಹಿಂದಕ್ಕ ಹೋಗೈತಿ, ಅದಕ್ಕ ವಯರ್ ಸಾಲಿಲ್ಲ."

ಅಮರಗುಂಡಪ್ಪನ ಮುಖ ಹಿಂದಿನ ಸಂಜೆಯಿಂದೀಚೆಗೆ ಮೊದಲ ಸಲ ಬೆಳಗಿತು. "ಕೇಳಿದೇನು? ಬಾಣದ ಮ್ಯಾಲೆ ವಿಭೂತಿ ಮೆತ್ತಿದವ್ರು ಯಾರು?"

ಶಿವಕುಮಾರಿಗೆ ಕಿವಿ ಬಿಸಿಯಾಯಿತು. ಮೆತ್ತಿದವಳು ಅವಳೇ, ಅಣಕಿಸುವ ಅವಸರದಲ್ಲಿ ತಗಡನ್ನು ಅವಳೂ ನೋಡಿರಲಿಲ್ಲ. ಆದರೆ ಒಪ್ಪಿಕೊಂಡು ಸುಮ್ಮನಾದರೆ ಈ ಮನುಷ್ಯ ಅದನ್ನು ಇನ್ನು ಮೂವತ್ತು ವರ್ಷ ಹೇಳುತ್ತಾನೆ.

"ಮೆತ್ತಿದವಳು ನಾ. ವಯರಿಗೆ ಮೊಳದುದ್ದ ಬಾಲ ಹಚ್ಚಿದವ್ರು ಯಾರ್ರೀ?"

"ಇಬ್ರೂ ಕೂಡೇ ಮಾಡೀರಿ ಬಿಡ್ರಿ," ಎಂದು ಗುಂಡಿಯೊಳಗಿಂದ ಶಾವಲಿ ತೀರ್ಪು ಕೊಟ್ಟ. ಒಂದು ತಾಸಿನಲ್ಲಿ ತಿರುಗಿಸಿ, ಬಾಲ ತೆಗೆದು, ವಯರನ್ನು ಬೆಸೆದು, ಮೇಲಕ್ಕೆ ಬಂದ.

ಸೋಮವಾರ ಲಿಂಗಸುಗೂರಿನ ಕ್ಯಾಂಪಿನಲ್ಲಿ ಹೊಗೆ ಪರೀಕ್ಷೆ ಪಾಸಾಯಿತು. ಶಿವಕುಮಾರಿ ಕಾಗದ ಇಸಿದುಕೊಂಡು ಸೀಟಿಗೆ ಬಂದಳು. ಅಮರಗುಂಡಪ್ಪ ಸರದಿಯಲ್ಲಿದ್ದ ಯಾರದೋ ಜೀಪಿಗೆ ಆತು, ಗಾಳಿಯಲ್ಲಿ ಬೆರಳಿನಿಂದ ಬಾಣ ಬರೆದು ತೋರಿಸುತ್ತಿದ್ದ.

"ಬಾಣ ನೋಡಬೇಕ್ರೀ ಬಾಣ. ಮೆಕ್ಯಾನಿಕ್‌ಗೋಳಿಗೆ ಇದೆಲ್ಲ ಗೊತ್ತಿರಂಗಿಲ್ಲ. ನಾನ ಸ್ವತಃ ಮಾಡೀನಿ..."

"ರೀ, ಬರ್ತೀರೇನು?"

"ಎರಡ ನಿಮಿಷ ಶಿವು," ಎಂದ, ತಿರುಗದೆ.

ಅವನ ಎರಡು ನಿಮಿಷದ ಅಳತೆ ಅವಳಿಗೆ ಗೊತ್ತಿತ್ತು. ಅವನ ಕಚೇರಿಯಿದ್ದ ಸಿಂಧನೂರಿಗೆ ಬಸ್ಸುಗಳು ಬೇಕಾದಷ್ಟಿದ್ದವು. ಕೇಳುವವರೂ ಬಸ್ಸಿನ ತುಂಬ ಸಿಗುತ್ತಾರೆ. ಕೀಲಿ ತಿರುವಿದಳು. ಇಂಜಿನ್ನು ಸದ್ದಿಲ್ಲದೆ ಹತ್ತಿಕೊಂಡಿತು. ಅವಳು ಗಾಜು ಏರಿಸಿ, ಹೈಸ್ಕೂಲಿನ ದಾರಿ ಹಿಡಿದಳು.