ಸೀರೆಯಂಚಿನ ಗಂಟು

ಹಡಗಿನ ಆ ಉದ್ದನೆಯ ಓಣಿಯಲ್ಲಿ ಪ್ರತಿ ಬಾಗಿಲ ಮುಂದೂ ಒಂದೊಂದು ಪೆಟ್ಟಿಗೆ ನಿಂತಿತ್ತು. ಕೆಲವು ದೊಡ್ಡವು, ಕೆಲವು ಪುಟಾಣಿ, ಕೆಲವು ಹೊಟ್ಟೆ ಬಿರಿಯುವಂತೆ ಉಬ್ಬಿದವು, ಒಂದೆರಡು ಚಕ್ರ ಕಳಕೊಂಡು ಕುಂಟಿದವು. ಜಗಳವಾಡಿದ ಹೆಂಡತಿ ಗಂಡನನ್ನು ಹೊರಗೆ ನೂಕಿ ಚಿಲಕ ಹಾಕಿಕೊಂಡರೆ ಅವನು ಹೇಗೆ ನಿಲ್ಲುತ್ತಾನೋ ಹಾಗೆ, ಅಷ್ಟೂ ಪೆಟ್ಟಿಗೆಗಳು ಮುಖ ತಗ್ಗಿಸಿಕೊಂಡು ನಿಂತಿದ್ದವು. ಅದನ್ನು ನೋಡಿ ನಾನು ನಕ್ಕಿದ್ದೆ. ಆ ಪ್ರವಾಸದಲ್ಲಿ ನಾನು ಮನಸಾರೆ ನಕ್ಕಿದ್ದು ಅದೇ ಕೊನೆ.

ಹಡಗು ಹತ್ತುವುದು ಸುಲಭ, ಇಳಿಯುವುದಕ್ಕೆ ಶಾಸ್ತ್ರ ಜಾಸ್ತಿ. ಇಳಿಯುವ ಹಿಂದಿನ ಸಂಜೆಯೇ ದೊಡ್ಡ ಪೆಟ್ಟಿಗೆಗೆ ಬಣ್ಣದ ಚೀಟಿ ಕಟ್ಟಿ ಕೋಣೆಯ ಹೊರಗೆ ಇಟ್ಟುಬಿಡಬೇಕು. ಹಡಗಿನವರು ಒಯ್ಯುತ್ತಾರೆ. ಬೆಳಿಗ್ಗೆ ಕೈಚೀಲವೊಂದನ್ನೇ ಹಿಡಿದು ಇಳಿದರೆ, ಬಂದರಿನ ಶೆಡ್ಡಿನಲ್ಲಿ ಬಣ್ಣದ ಪ್ರಕಾರ ಸಾಲು ಹಚ್ಚಿರುತ್ತಾರೆ, ಅವರವರದನ್ನು ಅವರವರು ಹುಡುಕಿಕೊಳ್ಳಬೇಕು. ನಮ್ಮದು ನೇರಳೆ ಚೀಟಿ.

ನಮ್ಮದು ಅಂದರೆ ನಾನು ಮತ್ತು ನನ್ನಕ್ಕ ಚಂಪಕಾ. ಯಜಮಾನರುಗಳಿಬ್ಬರಿಗೂ ಹುಳಿ ಮಾಡುವುದನ್ನು ಹೇಳಿಕೊಟ್ಟು, ಅವರು ಅದನ್ನು ಮಾಡಿಕೊಂಡು ತಿನ್ನುವುದನ್ನು ನೋಡುವ ಶಿಕ್ಷೆಯಿಂದ ತಪ್ಪಿಸಿಕೊಂಡು ಹೊರಟಿದ್ದೆವು. ಪ್ರವಾಸದ ಯೋಚನೆ ಅಕ್ಕನದೇ. ಅದಕ್ಕೊಂದು ಕಾರಣವಿತ್ತು. ಆ ಕಾರಣ ಅವಳ ಕುತ್ತಿಗೆಯಲ್ಲೇ ಇತ್ತು.

ಅದು ನಮ್ಮಮ್ಮನ ಅವಲಕ್ಕಿ ಸರ. ಅವಲಕ್ಕಿಯ ಹಾಗೆ ತಟ್ಟಿದ ಚಿನ್ನದ ಕಾಳುಗಳನ್ನು ಒತ್ತೊತ್ತಾಗಿ ಪೋಣಿಸಿದ್ದು. ಅಮ್ಮ ಹೋಗುವ ಮುಂಚೆ ಅದನ್ನು ಅಕ್ಕನ ಕೈಗಿಟ್ಟು, ನನ್ನೆದುರಿಗೇ ಹೇಳಿದ್ದಳು. "ಚಂಪೂ, ನಿನಗೆ ಗಂಡುಮಕ್ಕಳು. ಇವಳ ಮಗಳ ಮದುವೆ ತನಕ ನೀನು ಹಾಕ್ಕೋ. ಆಮೇಲೆ ನಿನ್ನ ಕೈಯಾರೆ ಆ ಮಗೂ ಕುತ್ತಿಗೆಗೆ ಹಾಕು." ನನ್ನ ಮಗಳು ವಾರಿಜಳಿಗೆ ಮದುವೆ ಗೊತ್ತಾಗಿತ್ತು. ತಾಂಬೂಲ ಬದಲಾಯಿಸಿದ ದಿನವೇ ಅಕ್ಕ ನನ್ನನ್ನು ಒಳಗೆ ಕರೆದು, "ಪುಟ್ಟೀ, ಕೊಡೋಕೆ ಮುಂಚೆ ಒಂದ್ಸಲ ಅದನ್ನ ಹಾಕ್ಕೊಂಡು ಎಲ್ಲಾದ್ರೂ ದೂರ ಹೋಗಿ ಬರಬೇಕು ಕಣೇ. ನೀನೂ ಬಾ. ಹಡಗು ಇಳಿದ ತಕ್ಷಣ ನಿನ್ನ ಕೈಗೇ ಕೊಟ್ಟುಬಿಡ್ತೀನಿ" ಅಂದಳು. ನನ್ನ ಕಣ್ಣು ತುಂಬಿ ಬಂತು. ಚಿಕ್ಕಂದಿನಲ್ಲಿ ನಾನು ಉಪ್ಪಿನಕಾಯಿ ಜಾಡಿ ಒಡೆದಾಗ "ನಾನೇ ಒಡೆದೆ" ಅಂತ ಬೆನ್ನು ಒಡ್ಡಿದವಳು ಅವಳು. ನನ್ನ ಪಾಲಿಗೆ ಅಕ್ಕ ಅಂದರೆ ಅರ್ಧ ಅಮ್ಮ, ಇನ್ನರ್ಧ ದೇವರು.

ಹಡಗಿನಲ್ಲಿ ಅಕ್ಕ ಮೆರೆದದ್ದೇ ಮೆರೆದದ್ದು. ಮನೆಯಲ್ಲಿ ಸರಸರ ಓಡಾಡುವವಳು, ಕುತ್ತಿಗೆಗೆ ಸರ ಬಿದ್ದ ಕೂಡಲೇ ಮಹಾರಾಣಿಯ ಹಾಗೆ ಹೆಜ್ಜೆ ಎಣಿಸಿಕೊಂಡು ನಡೆಯುತ್ತಿದ್ದಳು. ತಿಂಡಿ ಆದ ಮೇಲೆ ಹಡಗಿನ ಮೇಲಿನ ತೆರೆದ ಅಂಗಳಕ್ಕೆ ಹೋಗಿ ಕುರ್ಚಿ ಹಾಕಿಸಿಕೊಂಡು ಕೂತರೆ ಊಟಕ್ಕೇ ಏಳುವುದು. ಪರದೇಶದ ಹೆಂಗಸರು ಹತ್ತಿರ ಬಂದು ಸರ ಮುಟ್ಟಿ ನೋಡಿ ಏನೇನೋ ಹೊಗಳುವರು. ಅಕ್ಕನಿಗೆ ಭಾಷೆ ಅರ್ಥವಾಗದಿದ್ದರೂ ಹೊಗಳಿಕೆ ಪೂರ್ತಿ ಅರ್ಥವಾಗುತ್ತಿತ್ತು.

"ಇದು ಇದ್ರೆ ಮಾತ್ರ ಜನ ನನ್ನ ಕಡೆ ತಿರುಗಿ ನೋಡ್ತಾರೆ ಕಣೇ" ಅಂದಳು ಒಂದು ದಿನ.

"ಅದನ್ನ ನೋಡ್ತಾರೆ ಅಕ್ಕ, ನಿನ್ನನ್ನಲ್ಲ" ಅಂದೆ ನಾನು, ತಮಾಷೆಗೆ. ಅವಳು ನಗಲಿಲ್ಲ.

ನಮ್ಮ ಕೋಣೆಯ ಚಾಕರಿಗೆ ಇದ್ದವನು ಸಿಪ್ರಿಯನ್. ಕರಾವಳಿ ಕಡೆಯವನು, ನರೆತ ಮೀಸೆಯವನು. ಅಷ್ಟು ದೊಡ್ಡ ಹಡಗಿನಲ್ಲಿ ಕನ್ನಡ ಮಾತಾಡುವ ಇನ್ನೊಂದು ಜೀವ ಸಿಕ್ಕಿದ್ದಕ್ಕೆ ನಮಗೂ ಅವನಿಗೂ ಹಬ್ಬ. ಹಡಗಿನ ಊಟದಲ್ಲಿ ಎಲ್ಲವೂ ಇರುತ್ತಿತ್ತು, ರುಚಿಯೊಂದು ಮಾತ್ರ ರಜದ ಮೇಲಿತ್ತು. ಅಕ್ಕ ಮನೆಯಿಂದ ತಂದಿದ್ದ ಚಟ್ನಿಪುಡಿಯೇ ನಮ್ಮನ್ನು ಕಾಪಾಡಿದ್ದು. ಒಂದು ದಿನ ಅವಳು ಅದನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಸಿಪ್ರಿಯನ್ನನಿಗೂ ಕೊಟ್ಟಳು.

"ಎಂತ ಪರಿಮಳ ದೊಡ್ಡಮ್ಮ! ಇದನ್ನು ಊರಿಗೇ ತಗೊಂಡು ಹೋಗ್ತೇನೆ" ಅಂತ ಅವನು ಅಲ್ಲೇ ಮೂಸಿ ನೋಡಿ ಸೀನಿದ.

ಕೊನೆಯ ಸಂಜೆ ಪೆಟ್ಟಿಗೆ ಕಟ್ಟಲು ಕೂತೆವು. ಇಬ್ಬರಿಗೂ ಸೇರಿ ದೊಡ್ಡ ಪೆಟ್ಟಿಗೆ ಒಂದೇ, ಅಕ್ಕನದು. ಸರವನ್ನು ಕೈಚೀಲದಲ್ಲಿ ಇಟ್ಟುಕೋ ಅಂದೆ.

"ಕೈಚೀಲಾನ ಇಳಿಯೋ ನೂಕುನುಗ್ಗಲಲ್ಲಿ ಯಾರಾದ್ರೂ ಕಿತ್ಕೊಂಡು ಹೋದ್ರೆ? ಚಟ್ನಿಪುಡಿ ಡಬ್ಬೀಲಿ ಹೂತಿಡ್ತೀನಿ. ಯಾವ ಕಳ್ಳ ಚಟ್ನಿಪುಡಿ ಡಬ್ಬಿಗೆ ಕೈ ಹಾಕ್ತಾನೆ? ಹಾಕಿದ್ರೂ ಕಣ್ಣು ಉಜ್ಜಿಕೊಂಡು ಸಾಯ್ತಾನೆ."

ನನ್ನ ಕಣ್ಣೆದುರಿಗೇ ಸರ ಡಬ್ಬಿಗೆ ಇಳಿಯಿತು, ಡಬ್ಬಿ ಸೀರೆಗಳ ನಡುವೆ ಇಳಿಯಿತು. ಬೀಗ ಹಾಕಿದೆವು. ಅದರ ಮೇಲೆ, ನಮ್ಮ ಮನೆಯ ಪದ್ಧತಿಯಂತೆ, ಹಳೇ ಸೀರೆಯ ಅಂಚಿನ ಪಟ್ಟಿಯಿಂದ ಅಡ್ಡಡ್ಡ ಉದ್ದುದ್ದ ಬಿಗಿದು ಅಮ್ಮನ ಗಂಟು ಹಾಕಿದೆವು.

ಆ ಗಂಟು ಅಮ್ಮನದೇ ಕಲ್ಪನೆ. ಕುಣಿಕೆಯನ್ನು ಎಡದಿಂದ ಸುತ್ತಿ ತಂದು, ತುದಿಯನ್ನು ಅದರ ಹೊಟ್ಟೆಯೊಳಗೇ ಮಡಚಿ ಅಡಗಿಸಿಬಿಡುವುದು. ಗೊತ್ತಿಲ್ಲದವರು ಎಳೆದರೆ ಇನ್ನೂ ಬಿಗಿಯುತ್ತದೆ. ಮೊದಲು ಒಳಗೆ ತಳ್ಳಿ ಆಮೇಲೆ ಎಳೆಯಬೇಕು. ಅಪ್ಪನಿಗೂ ಬಿಚ್ಚಲು ಬರುತ್ತಿರಲಿಲ್ಲ, ಪ್ರಯಾಣದಲ್ಲಿ ಪಂಚೆ ಬೇಕಾದರೆ ಅಮ್ಮನನ್ನೇ ಕೂಗಬೇಕಿತ್ತು. ಅಮ್ಮ ಅದನ್ನು ಹೇಳಿಕೊಟ್ಟದ್ದು ನಮ್ಮಿಬ್ಬರಿಗೆ ಮಾತ್ರ. ನಮ್ಮ ಬೆರಳುಗಳಿಗೆ ಅದು ಉಸಿರಾಟದ ಹಾಗೆ, ಯೋಚನೆಯೇ ಬೇಡ.

"ದಡದ ದೀಪ ಕಾಣ್ತಿದೆಯಂತೆ, ನೋಡೋಣ ಬಾ" ಅಂದೆ.

"ಕಾಲು ಸೆಳೀತಿದೆ. ನೀನು ಹೋಗು. ಪೆಟ್ಟಿಗೇನ ನಾನೇ ಹೊರಗಿಡ್ತೀನಿ."

ನಾನು ದೀಪ ನೋಡಿ ಬರುವಷ್ಟರಲ್ಲಿ ನಮ್ಮ ಪೆಟ್ಟಿಗೆಯೂ ಓಣಿಯ ಗಂಡಂದಿರ ಸಾಲಿಗೆ ಸೇರಿ ನಿಂತಿತ್ತು.

ಬೆಳಿಗ್ಗೆ ಶೆಡ್ಡಿನಲ್ಲಿ ಮತ್ತೆ ಅದೇ ಸಾಲು. ಈ ಸಲ ಹೆಂಡತಿಯರು ಬಂದು ತಮ್ಮ ತಮ್ಮವರನ್ನು ಗುರುತಿಸಿ ಎಳೆದುಕೊಂಡು ಹೋಗುತ್ತಿದ್ದರು. ನೇರಳೆ ಗುಂಪಿನಲ್ಲಿ ನಮ್ಮದು ಸಿಕ್ಕಿತು. ಅಕ್ಕ ಬಗ್ಗಿದವಳೇ ಚೀರಿದಳು.

"ಅಯ್ಯೋ, ಬೀಗ ಒಡೆದಿದಾರೆ ಕಣೇ!"

ಹೌದು, ಬೀಗದ ಕೊಂಡಿ ಬಾಯಿ ಬಿಟ್ಟು ನೇತಾಡುತ್ತಿತ್ತು. ತಳ್ಳಿ, ಎಳೆದು, ಗಂಟು ಬಿಚ್ಚಿ, ಪಟ್ಟಿಯನ್ನು ಮುಂಗೈಗೆ ಸುತ್ತಿಕೊಂಡು ಮುಚ್ಚಳ ತೆಗೆದೆ. ಸೀರೆಗಳು ಕಲಸಿಹೋಗಿದ್ದವು. ಡಬ್ಬಿಯೊಳಗೆ ಕೈ ಹಾಕಿ ತಡಕಾಡಿದೆ. ಚಟ್ನಿಪುಡಿ, ಚಟ್ನಿಪುಡಿ, ತಳದವರೆಗೂ ಬರೀ ಚಟ್ನಿಪುಡಿ.

ಅಕ್ಕ ನೆಲಕ್ಕೆ ಕುಕ್ಕರಿಸಿ "ಅಮ್ಮಾ, ನಿನ್ನ ಸರ ಕಳೆದುಬಿಟ್ನಲ್ಲಾ" ಅಂತ ಅಳತೊಡಗಿದಳು. ಅವಳನ್ನು ತಬ್ಬಿಕೊಂಡು ನಾನೂ ಅತ್ತೆ. ಜನ ಸೇರಿದರು. ಬಂದರಿನ ಅಧಿಕಾರಿ ಬಂದ. ಅಧಿಕಾರದಲ್ಲಿ ಅಧಿಕ ಖಾರ ಬೆರೆಸಿಕೊಂಡಿದ್ದ ಮನುಷ್ಯ.

"ಯಾರು ಒಯ್ದಿದ್ದು ಪೆಟ್ಟಿಗೆ?"

"ನಮ್ಮ ಕೋಣೆ ಸಿಪ್ರಿಯನ್" ಅಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. "ಸರ ನೋಡಿದ್ದ. ದಿನಾ ನೋಡ್ತಿದ್ದ."

ಅವನನ್ನು ಕರೆತಂದರು. ಅವನ ಗಂಟುಮೂಟೆಯನ್ನು ಸಿಮೆಂಟಿನ ಕಟ್ಟೆಯ ಮೇಲೆ ಎಲ್ಲರೆದುರು ಬೋರಲು ಹಾಕಿದರು. ಎರಡು ಅಂಗಿ, ಜಪಸರ, ಕ್ಷೌರದ ಸಾಮಾನು, ಕೊನೆಗೆ ಒಂದು ಪೊಟ್ಟಣ. ಅಧಿಕಾರಿ ಬಿಚ್ಚಿದ. ಘಾಟು ಇಡೀ ಶೆಡ್ಡಿಗೆ ಹರಡಿತು.

"ಸರ ಇದ್ದದ್ದು ಚಟ್ನಿಪುಡೀಲಿ. ಚಟ್ನಿಪುಡಿ ಇರೋದು ನಿನ್ನ ಮೂಟೇಲಿ. ಇನ್ನೇನಯ್ಯಾ ಬೇಕು?"

"ಇದು ದೊಡ್ಡಮ್ಮನೇ ಕೊಟ್ಟದ್ದು ಮಾರಾಯ್ರೇ! ಕೇಳಿ ಬೇಕಾದ್ರೆ" ಅಂದ ಸಿಪ್ರಿಯನ್. ಅವನಿಗೆ ಇನ್ನೂ ಭಯವಾಗಿರಲಿಲ್ಲ. ಕೇಳಿದರೆ ಮುಗಿಯಿತು ಅಂದುಕೊಂಡಿದ್ದ.

ಅಧಿಕಾರಿ ಅಕ್ಕನ ಕಡೆ ತಿರುಗಿದ. "ಕೊಟ್ಟಿದ್ರಾ?"

ಅಕ್ಕ ಪೊಟ್ಟಣವನ್ನು ನೋಡಿದಳು. ನೆಲ ನೋಡಿದಳು.

"ನನಗೆ ಕೊಟ್ಟ ನೆನಪಿಲ್ಲ."

"ದೊಡ್ಡಮ್ಮಾ!" ಅಂದ ಸಿಪ್ರಿಯನ್. ಅಷ್ಟೇ.

ಅವಳು ಕೊಟ್ಟಾಗ ನಾನು ಪಕ್ಕದಲ್ಲೇ ಇದ್ದೆ. ಪೊಟ್ಟಣಕ್ಕೆ ಕಾಗದ ಹರಿದುಕೊಟ್ಟವಳು ನಾನು. ಗಾಬರಿಯಲ್ಲಿ ಮರೆತಿರಬೇಕು, ನೆನಪಿಸೋಣ ಅಂತ ಅವಳ ಕಡೆ ಕೈ ಚಾಚಿದೆ. ಆಗ ಕಂಡಿತು, ನನ್ನ ಮುಂಗೈಗೆ ಸುತ್ತಿದ್ದ ಸೀರೆಯಂಚು.

ನಾನು ಅದನ್ನು ಬಿಚ್ಚಿದ್ದೆ. ತಳ್ಳಿ, ಎಳೆದು. ಅಂದರೆ ಅದು ಕಟ್ಟಿತ್ತು. ಬೀಗ ಒಡೆದಿತ್ತು, ಸೀರೆ ಕಲಸಿತ್ತು, ಸರ ಹೋಗಿತ್ತು, ಗಂಟು ಮಾತ್ರ ಅಮ್ಮ ಹಾಕಿದಷ್ಟೇ ಚೆನ್ನಾಗಿ, ತುದಿ ಹೊಟ್ಟೆಯೊಳಗೆ ಅಡಗಿ, ಕಟ್ಟಿತ್ತು. ಕಳ್ಳ ಪಟ್ಟಿಯನ್ನು ಕತ್ತರಿಸಿ ಬಿಸಾಕುತ್ತಿದ್ದ. ಅಕಸ್ಮಾತ್ ಬಿಚ್ಚಿದ್ದರೂ ತಿರುಗಿ ಕಟ್ಟಲು ಯಾವ ಕಳ್ಳನಿಗೆ ಬರುತ್ತದೆ? ಈ ಭೂಮಿಯ ಮೇಲೆ ಅದು ಬರುವುದು ಇಬ್ಬರಿಗೆ. ಒಬ್ಬಳು ಮೇಲೆ ದೀಪ ನೋಡುತ್ತಿದ್ದಳು.

ಕಳವು ಮಾಡುವಾಗ ಎಲ್ಲವನ್ನೂ ಯೋಚಿಸಿದವಳು, ಬೆರಳುಗಳಿಗೆ ಹೇಳಲು ಮರೆತಿದ್ದಳು.

ಅಕ್ಕನನ್ನು ಕಂಬದ ಮರೆಗೆ ಕರೆದುಕೊಂಡು ಹೋದೆ. ಪಟ್ಟಿಯನ್ನು ಅವಳ ಕೈಗಿಟ್ಟೆ.

"ಅಕ್ಕ, ನಾನು ಮೇಲೆ ಹೋದ ಮೇಲೆ ಗಂಟು ಕಟ್ಟಿದ್ದು ಯಾರು?"

"ಇಬ್ಬರೂ ಸೇರಿ ಕಟ್ಟಿದ್ವಲ್ಲೇ."

"ಅದು ಮೊದಲನೇ ಸಲ. ಬೀಗ ಒಡೆದ ಮೇಲೆ ಕಟ್ಟಿದ್ದು?"

ಅವಳು ಪಟ್ಟಿಯನ್ನೇ ನೋಡುತ್ತ ನಿಂತಳು. ಅಳು ನಿಂತುಹೋಗಿತ್ತು. ತೋಳಿಗೆ ಸಿಕ್ಕಿಸಿಕೊಂಡಿದ್ದ ಕೈಚೀಲವನ್ನು ಮೆಲ್ಲಗೆ ಎದೆಗೆ ಒತ್ತಿಕೊಂಡಳು. ನಾನು ಕಾದೆ. ಒಂದು ಮಾತು ಬಂದಿದ್ದರೂ ಸಾಕಿತ್ತು, ಬೈದಿದ್ದರೂ ಸಾಕಿತ್ತು.

"ಆ ಮನುಷ್ಯನ್ನ ಜೈಲಿಗೆ ಹಾಕ್ತಾರೆ ಅಕ್ಕ."

"ಹಡಗಿನವರು ಅಲ್ವಾ, ಏನೋ ಒಂದು ಮಾಡ್ಕೋತಾರೆ ಬಿಡು" ಅಂದಳು, ನನ್ನ ಮುಖ ನೋಡದೆ.

ನಾನು ಅಧಿಕಾರಿಯ ಹತ್ತಿರ ಹೋದೆ. ನಡೆಯುತ್ತಲೇ ಸುಳ್ಳು ಹೊಂದಿಸಿಕೊಂಡೆ.

"ಸ್ವಾಮಿ, ಕ್ಷಮಿಸಬೇಕು. ಚಟ್ನಿಪುಡಿ ನಾವೇ ಕೊಟ್ಟಿದ್ದು, ನಾನೇ ಸಾಕ್ಷಿ. ಮತ್ತೆ, ಕಳೆದುಹೋಗಿರೋದು ಚಿನ್ನ ಅಲ್ಲ, ಗಿಲೀಟು. ಪ್ರಯಾಣಕ್ಕೆ ಅಂತ ಮಾಡಿಸಿದ ನಕಲಿ. ಅಸಲಿ ಅಕ್ಕನ ಮನೇಲಿದೆ. ಅವಳಿಗೆ ಗಾಬರೀಲಿ ಯಾವುದು ಯಾವುದೋ ತಿಳೀತಿಲ್ಲ."

"ಗಿಲೀಟಿಗೆ ಇಷ್ಟು ಗಲಾಟೇನಾ?" ಅಧಿಕಾರಿ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಏನಮ್ಮಾ, ಹೌದಾ? ನಕಲೀನಾ?"

ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಹಡಗಿನ ಮೇಲೆ ಸರ ಮುಟ್ಟಿ ನೋಡಿದ್ದ ಹೆಂಗಸರೂ ಅಲ್ಲಿದ್ದರು. ಭಾಷೆ ಬಾರದಿದ್ದರೂ ಅವರಿಗೂ ಈ ಸಲ ಪೂರ್ತಿ ಅರ್ಥವಾಗಿತ್ತು.

"ಹೌದು, ನಕಲಿ" ಅಂದಳು ಅಕ್ಕ.

ಸಿಪ್ರಿಯನ್ ಅಂಗಿಗಳನ್ನು ಮಡಚಿ ಮೂಟೆಗೆ ತುಂಬಿಕೊಂಡ. ಪೊಟ್ಟಣವನ್ನು ಮಾತ್ರ ಕಟ್ಟೆಯ ಮೇಲೇ ಬಿಟ್ಟು ಹೋದ. ತಿರುಗಿ ನೋಡಲಿಲ್ಲ.

ಬಾಡಿಗೆ ಕಾರಿನಲ್ಲಿ ಇಬ್ಬರೂ ಹಿಂದೆ ಕೂತೆವು. ಕೈಚೀಲ ಅಕ್ಕನ ತೊಡೆಯ ಮೇಲಿತ್ತು, ಅವಳ ಎರಡೂ ಕೈ ಅದರ ಮೇಲಿತ್ತು.

"ಭಾರ ಇದ್ರೆ ಕೊಡು ಅಕ್ಕ, ಸ್ವಲ್ಪ ಹೊತ್ತು ನಾನು ಹಿಡ್ಕೋತೀನಿ."

"ಬೇಡ. ಏನೂ ಭಾರ ಇಲ್ಲ."

ಊರು ಹತ್ತಿರ ಬಂದಾಗ ನಾನೇ ಮತ್ತೆ ಮಾತು ತೆಗೆದೆ. "ಮನೇಲಿ ಎಲ್ಲರಿಗೂ, ಸರ ಹಡಗಿಗೆ ಬರಲೇ ಇಲ್ಲ ಅಂತ ಹೇಳ್ತೀನಿ. ನೀನೇ ಎಲ್ಲೋ ಇಟ್ಟು ಮರೆತಿದೀಯ ಅಂತ. ಹುಡುಕು ಅಕ್ಕ. ಬೀರು ಹಿಂದೆ, ಅಕ್ಕಿ ಡಬ್ಬೀಲಿ, ಎಲ್ಲಾದ್ರೂ ಸಿಗುತ್ತೆ. ಸಿಕ್ಕಿದ ದಿನ ತಂದು ಮಗೂಗೆ ಹಾಕು. ನಾನು ಏನೂ ಕೇಳಲ್ಲ."

"ಹುಡುಕ್ತೀನಿ" ಅಂದಳು.

ನಾನು ನಂಬಿದೆ. ನಿಜವಾಗಿ ನಂಬಿದೆ. ಮದುವೆ ಕೆಲಸದ ನಡುವೆ ಬಾಗಿಲು ಸದ್ದಾದಾಗಲೆಲ್ಲ ಅಕ್ಕನೇ ಇರಬೇಕು ಅಂತ ಓಡಿದೆ. ಅಂಗಡಿಯವನು ಬಂದ, ಅಡುಗೆಯವರು ಬಂದರು, ಬಳೆಗಾರ ಬಂದ. ಅಕ್ಕ ಬಂದದ್ದು ಮುಹೂರ್ತದ ಬೆಳಿಗ್ಗೆ, ಬೆಳ್ಳಿಯ ಕುಂಕುಮದ ಬಟ್ಟಲು ಹಿಡಿದುಕೊಂಡು.

"ಮನೆಯೆಲ್ಲಾ ಜಾಲಾಡಿದೆ ಕಣೇ" ಅಂದಳು. "ಸಿಗಲೇ ಇಲ್ಲ."

ಅವಳ ಕಣ್ಣುಗಳು ನೇರವಾಗಿ ನನ್ನ ಕಣ್ಣಲ್ಲಿದ್ದವು. ಶೆಡ್ಡಿನಲ್ಲಿ ತಗ್ಗಿದ್ದ ತಲೆ ಈಗ ಮೇಲೆದ್ದಿತ್ತು. ಅವತ್ತಿನದು ಕಳವು, ಇವತ್ತಿನದೇ ಮೋಸ ಅನ್ನಿಸಿತು ನನಗೆ.

ಧಾರೆಯಾಯಿತು. ಫೋಟೋಕ್ಕೆ ನಿಂತೆವು. ವಾರಿಜಳ ಒಂದು ಪಕ್ಕಕ್ಕೆ ನಾನು, ಇನ್ನೊಂದು ಪಕ್ಕಕ್ಕೆ ಅಕ್ಕ. ಮಂಟಪದ ದೊಡ್ಡ ದೀಪ ನಮ್ಮ ಮೇಲೆ ಹರಿದಾಗ ವಾರಿಜಾ ಬಗ್ಗಿ ನೋಡಿದಳು.

"ದೊಡ್ಡಮ್ಮ, ನಿಮ್ಮ ಕುತ್ತಿಗೇಲಿ ಏನದು ಗುರುತು?"

ನಾನೂ ನೋಡಿದೆ. ಹಡಗಿನ ಅಂಗಳದ ಬಿಸಿಲಿಗೆ ಅಕ್ಕನ ಕುತ್ತಿಗೆ ಸುಟ್ಟು ಕಪ್ಪಾಗಿತ್ತು. ಆ ಕಪ್ಪಿನ ನಡುವೆ, ಒಂದು ಕಿವಿಯ ಕೆಳಗಿನಿಂದ ಇನ್ನೊಂದು ಕಿವಿಯ ಕೆಳಗಿನವರೆಗೆ, ಬೆಳ್ಳಗೆ ಉಳಿದುಕೊಂಡ ಚರ್ಮದಲ್ಲಿ, ಅವಲಕ್ಕಿಯ ಕಾಳು ಕಾಳಾಗಿ ಅಮ್ಮನ ಸರವಿತ್ತು.

ಅಕ್ಕನ ಕೈ ಮೇಲೇಳಲಿಲ್ಲ. ಎಲ್ಲರೂ ನೋಡುತ್ತಿದ್ದರು.

"ಸೆಕೆಗೆ ಬೊಬ್ಬೆ ಎದ್ದಿರಬೇಕು, ಬಿಡೇ" ಅಂದೆ ನಾನು. ಮಗಳ ಹಿಂದಿನಿಂದ ಕೈ ಚಾಚಿ, ಅಕ್ಕನ ಸೆರಗನ್ನು ಎಳೆದು ಅವಳ ಕುತ್ತಿಗೆಯ ಸುತ್ತ ಹೊದಿಸಿದೆ.

"ಎಲ್ಲರೂ ಸ್ವಲ್ಪ ನಗಿ" ಅಂದ ಫೋಟೋದವನು.

ಸೆರಗು ಜಾರದಂತೆ ನಾನು ಹಾಗೇ ಹಿಡಿದುಕೊಂಡೇ ಇದ್ದೆ. ನನ್ನ ಬೆರಳಿನ ಕೆಳಗೆ, ರೇಷ್ಮೆಯಾಚೆ, ಅವಳ ಕುತ್ತಿಗೆಯ ನರ ಓಡುತ್ತಿರುವವರ ಹಾಗೆ ಹೊಡೆದುಕೊಳ್ಳುತ್ತಿತ್ತು.