ಮೂಕಣ್ಣನವರ ಸ್ಮರಣಾರ್ಥ ಬೆಂಚು

ಒಂದು ಸಿಮೆಂಟು ಬೆಂಚಿಗೆ ಯಾರ ಬೆನ್ನು ತಾಗಬಹುದು, ಯಾರದು ತಾಗಬಾರದು ಎಂಬ ಗಹನ ವಿಚಾರವನ್ನು ಇತ್ಯರ್ಥ ಮಾಡಲು ಮಾರ್ಚ್ ತಿಂಗಳ ಎರಡನೇ ಶನಿವಾರ ಚಿತ್ತವಾಡ್ಗಿಯ ಸಮುದಾಯ ಭವನದಲ್ಲಿ ಸಭೆ ಸೇರಿತು. ಅತ್ತ ಹಂಪಿಯಲ್ಲಿ ಒಂದು ಸಾಮ್ರಾಜ್ಯವೇ ಮುಗಿದುಹೋದ ದಿನವೂ ಇಷ್ಟು ಜನ ಒಟ್ಟಿಗೆ ಮಾತಾಡಿರಲಿಕ್ಕಿಲ್ಲ.

ಬೆಂಚು ಇದ್ದದ್ದು ಬಡಾವಣೆಯ ಪಾರ್ಕಿನಲ್ಲಿ, ಅಲ್ಲಿನ ಒಂದೇ ಒಂದು ಬೇವಿನ ಮರದ ಕೆಳಗೆ. ಕೊಡಿಸಿದವರು ಅಕ್ಕಿ ಗಿರಣಿಯ ಕೊಟ್ರಯ್ಯ. ಒರಗುವ ಹಲಗೆಯ ಮೇಲೆ ಕೆಂಪಕ್ಷರದಲ್ಲಿ ತಂದೆಯ ಹೆಸರು ಹಾಕಿ 'ದಿ. ಮೂಕಣ್ಣನವರ ಸ್ಮರಣಾರ್ಥ' ಎಂದು ಬರೆಸಿದ್ದರು. ಬೆಳಿಗ್ಗೆ ಕೊಟ್ರಯ್ಯ ಮತ್ತು ಮೂವರು ಗೆಳೆಯರು ಪಾರ್ಕನ್ನು ಎರಡು ಸುತ್ತು ಹಾಕಿ, ಎರಡು ತಾಸು ಅದರ ಮೇಲೆ ಕೂರುತ್ತಿದ್ದರು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಮಧ್ಯಾಹ್ನದ್ದು. ಗಾದಿಗನೂರಿನಿಂದ ಗಾರೆ ಕೆಲಸಕ್ಕೆ ಬರುವ ಎರ್ರೆಮ್ಮ ಮತ್ತು ನಾಲ್ವರು ಹೆಂಗಸರು ಹನ್ನೆರಡಕ್ಕೆ ಬುತ್ತಿ ಬಿಚ್ಚಿ ಉಂಡು, ಒಂದರ ತನಕ ಅದೇ ಹಲಗೆಗೆ ಒರಗಿ ಕಣ್ಣು ಮುಚ್ಚುತ್ತಿದ್ದರು.

ಹತ್ತರಿಂದ ನಾಲ್ಕರವರೆಗೆ ಗೇಟಿಗೆ ಬೀಗ ಹಾಕಬೇಕೆಂದು ಬಡಾವಣೆ ಸಮಿತಿ ಬೇಡಿಕೆ ಇಟ್ಟಿತು. ಗಿಡಗಳಿಗೂ ವಿಶ್ರಾಂತಿ ಬೇಕು ಎಂಬುದು ಕೊಟ್ಟ ಕಾರಣ.

ಇದಕ್ಕೆ ಅಡ್ಡ ಬಂದವಳು ಸಂಘಮಿತ್ರಾ. ಊರಿನ ಐದು ಪಾರ್ಕುಗಳನ್ನು ಸುಧಾರಿಸಲು ಯೋಜನೆ ಮಾಡಿಕೊಡುವ ಕೆಲಸವನ್ನು ನಗರಸಭೆ ಅವಳಿಗೆ ವಹಿಸಿತ್ತು. ಅವಳು ಎಂಟು ದಿನ ಗೇಟಿನ ಬಳಿ ಕೂತು, ಯಾರು ಎಷ್ಟೊತ್ತಿಗೆ ಬರುತ್ತಾರೆಂದು ಬರೆದುಕೊಂಡಿದ್ದಳು. ಅತಿ ಹೆಚ್ಚು ಜನ ಬರುವುದು ಉರಿಬಿಸಿಲಿನಲ್ಲಿ, ಆದ್ದರಿಂದ ಮಧ್ಯಾಹ್ನ ಗೇಟು ತೆರೆದಿರಲಿ, ಒಂದು ನಳ ಬರಲಿ, ನಾಲ್ಕು ಹೊಂಗೆ ಹಾಕಿ ಎಂದು ಅವಳ ವರದಿ ಹೇಳಿತ್ತು. ಕೊಟ್ರಯ್ಯ ವರದಿ ಓದಿರಲಿಲ್ಲ. ಬರೆದವಳನ್ನು ಓದಲು ಹೊರಟರು.

"ಯಾವೂರವ್ವಾ ನಿಂದು?"

"ಕಂಪ್ಲಿ ರೀ."

"ಕಂಪ್ಲಿಯಾಗ ಯಾರ ಪೈಕಿ?"

"ಪಾರ್ಕಿನ ಪೈಕಿ ರೀ. ಹದಿನಾರನೇ ಪುಟ ನೋಡ್ರಿ."

ಸಮಿತಿಯ ಕಾರ್ಯದರ್ಶಿ, ಪಾರ್ಕಿನ ಎದುರಿಗೇ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಹಾಲೇಶ್, ಕೊಟ್ರಯ್ಯನವರ ಕಿವಿಗೆಂದು ಹೇಳಿದ್ದು ಇಡೀ ಭವನಕ್ಕೆ ಕೇಳಿಸಿತು. "ಹೆಸರು ಕೇಳಿದ್ರ ಗೊತ್ತಾಗ್ತೈತಿ ಬಿಡ್ರಿ ಕಾಕಾ."

"ಗೊತ್ತಾಗ್ಲಿ ಅಂತನ ಇಟ್ಟಾರ್ರಿ," ಎಂದಳು ಸಂಘಮಿತ್ರಾ, ಪುಟ ತಿರುವುತ್ತ.

ಕೊಟ್ರಯ್ಯ ಎದ್ದು ನಿಂತರು. "ನೋಡ್ರಿ, ನಮ್ಮಪ್ಪಾರ ಹೆಸರಿನ ಮ್ಯಾಲೆ ಕಂಡಕಂಡೋರು ಬೆನ್ನು ತಿಕ್ಕತಾರ. ಇದನ್ನ ನೋಡ್ಕೊಂಡು ಕುಂದ್ರಬೇಕೇನು?"

ಬಾಗಿಲ ಹತ್ತಿರ ನಿಂತಿದ್ದ ಎರ್ರೆಮ್ಮ ಬಾಯಿ ತೆರೆದಳು. "ಸಾವ್ಕಾರ್ರ, ಮುಂಜಾನೆ ನೀವೂ ಬೆನ್ನು ಹಚ್ಚೇ ಕುಂದ್ರತೀರಿ. ನಿಮ್ಮ ಬೆನ್ನು ಅಪ್ಪಾರಿಗೆ ಹೂವಿನ ಹಾರ ಏನ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ಅದನ್ನು ಕೆಮ್ಮು ಮಾಡಿಕೊಂಡರು.

"ಮಗನ ಬೆನ್ನು ಇದು. ನಿಂದೂ ನಂದೂ ಒಂದೇನು?"

"ಒಂದಲ್ಲ ಬಿಡ್ರಿ. ನಂದು ಇಟ್ಟಂಗಿ ಹೊತ್ತು ನೊಂದಿರ್ತೈತಿ." ಆಮೇಲೆ ಅವಳು ಕೊಟ್ರಯ್ಯನವರನ್ನು ಬಿಟ್ಟು, ನಗರಸಭೆಯಿಂದ ಬಂದಿದ್ದ ಎಂಜಿನಿಯರ್ ಹುಲಿಗೇಶರ ಕಡೆ ತಿರುಗಿದಳು. "ಒಂದು ತಾಸು ನೆಳ್ಳು ಕೇಳ್ತೀವ್ರಿ. ಹ್ವಾದ ವರ್ಷ ನಮ್ಮ ಹೊಳೆಮ್ಮ ಬಿಸಿಲಾಗ ಕುಂತು ಉಣ್ಣುವಾಗ ತಲಿ ತಿರುಗಿ ಬಿದ್ದಾಕಿ, ಇನ್ನೂ ಕೆಲಸಕ್ಕ ಬಂದಿಲ್ಲ."

ಹುಲಿಗೇಶ್ ಹದಿನೈದು ದಿನ ಕಾಲಾವಕಾಶ ಕೇಳಿದರು.

ಕೊಟ್ರಯ್ಯ ಎರಡೇ ದಿನ ಕಾದರು. ಸೋಮವಾರ ನಸುಕಿನಲ್ಲೇ ಪೂಜೆಯ ಮರಿಸ್ವಾಮಿಯನ್ನು ಕರೆತಂದು, ತಂದೆಯ ಹೆಸರಿನ ನೆತ್ತಿಗೆ ಮೂರು ಬೆರಳ ವಿಭೂತಿ ಎಳೆಸಿ, ಪತ್ರಿ ಏರಿಸಿ, ಊದುಬತ್ತಿ ಹಚ್ಚಿಸಿ ಕಾಯಿ ಒಡೆಸಿದರು. ವಿಭೂತಿಗೆ ಬೆನ್ನು ಕೊಡುವ ಧೈರ್ಯ ಯಾರಿಗಿದೆ?

ಎರ್ರೆಮ್ಮನಿಗಂತೂ ಇರಲಿಲ್ಲ. ಮಧ್ಯಾಹ್ನ ಬಂದವಳು ಬೆಂಚು ನೋಡಿ, ತಲೆಯ ಮೇಲೆ ಸೆರಗೆಳೆದು ಕೈಮುಗಿದು, ಬೇರಿನ ಪಕ್ಕ ನೆಲಕ್ಕೆ ಕೂತಳು. ಹಾಲೇಶನ ಅಂಗಡಿಯಿಂದ ಇದನ್ನು ನೋಡಿದ ಕೊಟ್ರಯ್ಯ ಎಲ್ಲರಿಗೂ ಚಾ ಹೇಳಿದರು.

ಮರುದಿನ ಬೆಳಿಗ್ಗೆ ಎರಡು ಸುತ್ತು ಮುಗಿಸಿ ನಾಲ್ವರೂ ಬೆಂಚಿನ ಮುಂದೆ ಬಂದು ನಿಂತರು.

"ಕುಂದ್ರಪಾ ಕೊಟ್ರಣ್ಣ," ಎಂದರು ಒಬ್ಬರು.

"ಹೆಂಗ ಕುಂದ್ರಲಿ?"

"ಒರೆಸು ಅದನ್ನ."

"ಹಚ್ಚಿದ್ದು ಒರೆಸ್ತಾರೇನಲೇ?"

ನಾಲ್ವರೂ ಮೂರನೇ ಸುತ್ತು ಹೊರಟರು. ಡಾಕ್ಟರರು ಆರು ವರ್ಷದಿಂದ ಹೇಳುತ್ತಿದ್ದದ್ದೂ ಅದನ್ನೇ.

ಮುಂದಿನ ಸೋಮವಾರ, ಬುಕ್ಕಸಾಗರದಿಂದ ಮಗಳ ಮನೆಗೆ ಬಂದಿದ್ದ ಮುದುಕಿಯೊಬ್ಬಳು ಅಲ್ಲಿ ದೀಪ ಹಚ್ಚಿ ಹೋದಳು. ವಾರ ಮುಗಿಯುವುದರೊಳಗೆ ಬಡಾವಣೆಯ ಒಂದು ಮದುವೆ ಕುದುರಿತು, ಒಂದು ಮಂಡಿನೋವು ಇಳಿಯಿತು. ಮೂಕಣ್ಣನವರು ಶರಣರಾಗಿದ್ದರಂತೆ ಎಂದು ಸುದ್ದಿ ಹಬ್ಬಿತು. ಬದುಕಿದ್ದಾಗ ಅವರನ್ನು ಹಾಗೆ ಕರೆದವರಿಲ್ಲ. ಅವರ ತೂಕದ ಕಲ್ಲು ಕಂಡವರು ಬೇರೇನೋ ಕರೆದಿದ್ದರು. ಬೆಂಚು ಈಗ ಗದ್ದಿಗೆ. ಹೆಂಗಸರು ಮನೆಗೆಲಸ ಮುಗಿಸಿ ಕಾಯಿ ಹಿಡಿದು ಬರುತ್ತಿದ್ದುದು ಹನ್ನೊಂದರ ಮೇಲೆ.

ಸಭೆ ಮತ್ತೆ ಸೇರಿದಾಗ ಹುಲಿಗೇಶ್ ಬೀಗದ ಬೇಡಿಕೆ ಓದಿದರು. ಕೊಟ್ರಯ್ಯ ಬೆಂಬಲಿಸಲು ಎದ್ದರು. ಅವರಿಗಿಂತ ಮೊದಲು ಅವರ ಹೆಂಡತಿ ಕೊಟ್ರಬಸಮ್ಮ, ಹನ್ನೆರಡು ಹೆಂಗಸರನ್ನು ಬೆನ್ನಿಗಿಟ್ಟುಕೊಂಡು, ಎದ್ದು ನಿಂತಿದ್ದರು.

"ನಮ್ಮ ಮಾವನೋರ ಗದ್ದಿಗಿಗೆ ಬೀಗ ಹಾಕ್ತೀರೇನ್ರಿ? ಯಾರ್ರೀ ಹೇಳಿದ್ದು ನಿಮಗ?"

ಎಲ್ಲರೂ ಕೊಟ್ರಯ್ಯನವರನ್ನು ನೋಡಿದರು. ಕೊಟ್ರಯ್ಯ ಫ್ಯಾನು ನೋಡಿದರು. ಅದು ಗದ್ದಿಗೆಯಲ್ಲ, ಐವರು ಹೆಂಗಸರನ್ನು ಎಬ್ಬಿಸಲು ಹಚ್ಚಿದ ವಿಭೂತಿ ಎಂದು ಕಟ್ಟಿಕೊಂಡವಳ ಎದುರು ಹೇಳುವುದು ಸಾಧ್ಯವಿರಲಿಲ್ಲ. ಗೇಟು ತೆರೆದಿರಲಿ ಎಂದು ಅವರೇ ಮೊದಲು ಕೈ ಎತ್ತಬೇಕಾಯಿತು.

ಹೊರಗೆ ಮೆಟ್ಟಿಲ ಮೇಲೆ ಅವರು ಸಂಘಮಿತ್ರಾಳನ್ನು ನಿಲ್ಲಿಸಿದರು. "ಗೆದ್ದೆ ಅಂತ ತಿಳ್ಕೊಬ್ಯಾಡ. ಬೆಂಚಿಗೆ ಸುತ್ತ ಗ್ರಿಲ್ ಹಾಕಸ್ತೀನಿ. ಆ ಮಂದಿ ಮುಟ್ಟಬಾರ್ದು."

"ಹಾಕಸ್ರಿ. ನೆಳ್ಳು ಗ್ರಿಲ್ ದಾಟಿ ಬರ್ತೈತಿ."

ಅವರು ಬೆನ್ನು ತಿರುಗಿಸಿ ಮೆಟ್ಟಿಲಿಳಿದರು. ಅವಳೂ ನಮಸ್ಕಾರ ಹೇಳಲಿಲ್ಲ.

ಏಪ್ರಿಲ್ ಮೊದಲ ವಾರ ಗ್ರಿಲ್ ಬಂತು. ನಳ ಬರಲಿಲ್ಲ. ಗೇಟು ಮಧ್ಯಾಹ್ನ ತೆರೆದಿರುತ್ತದೆ. ಎರ್ರೆಮ್ಮ ಮತ್ತು ನಾಲ್ವರು ಹೆಂಗಸರು ನೆಲದ ಮೇಲೆ ಕೂತು ಉಣ್ಣುತ್ತಾರೆ.